ನಾಲ್ಕು ಎಕರೆಗೆ ಯಾವ ಟ್ರ್ಯಾಕ್ಟರ್? ಮೊದಲು ಟೇಪ್ ಹಿಡಿಯಿರಿ

ಪ್ರಶ್ನೆ: ನಾನು ಯಲಹಂಕದಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ದೊಡ್ಡಬಳ್ಳಾಪುರದ ಹತ್ತಿರ ಊರಲ್ಲಿ ನಾಲ್ಕು ಎಕರೆ ಇದೆ. ಎರಡು ಎಕರೆ ರಾಗಿ, ಒಂದು ಎಕರೆ ದ್ರಾಕ್ಷಿ ಚಪ್ಪರ, ಒಂದು ಎಕರೆ ಹಿಪ್ಪುನೇರಳೆ. ಅಪ್ಪನಿಗೆ ವಯಸ್ಸಾಗಿದೆ, ಆಳು ಸಿಗುತ್ತಿಲ್ಲ, ಒಂದು ಟ್ರ್ಯಾಕ್ಟರ್ ತಗೊಳ್ಳೋಣ ಅಂತ ಇದ್ದೇವೆ. ಶೋರೂಮಿನಲ್ಲಿ 45 ಎಚ್‌ಪಿ ಗಾಡಿಯೇ ತಗೊಳ್ಳಿ ಅನ್ನುತ್ತಾರೆ. ಚಿಕ್ಕಪ್ಪ ಮಿನಿ ಸಾಕು ಅನ್ನುತ್ತಾರೆ. ಪಕ್ಕದ ತೋಟದವರು ಪವರ್ ಟಿಲ್ಲರ್ ತಗೋ, ಸುಮ್ನೆ ದುಡ್ಡು ಹಾಳು ಮಾಡಬೇಡ ಅನ್ನುತ್ತಾರೆ. ಟ್ರ್ಯಾಕ್ಟರಿನಲ್ಲಿ ಎಷ್ಟು ತರ ಇವೆ, ಯಾವುದು ಯಾವ ಕೆಲಸಕ್ಕೆ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಉತ್ತರ: ಮೂವರೂ ಹೇಳುತ್ತಿರುವುದರಲ್ಲಿ ಸತ್ಯ ಇದೆ. ಆದರೆ ಒಬ್ಬೊಬ್ಬರೂ ನಿಮ್ಮ ಜಮೀನಿನ ಒಂದೊಂದು ತುಂಡು ನೋಡಿ ಮಾತಾಡುತ್ತಿದ್ದಾರೆ. ಶೋರೂಮಿನವರ ತಲೆಯಲ್ಲಿರುವುದು ರಾಗಿ ಹೊಲ, ಜೊತೆಗೆ ನಿಮ್ಮ ಸಂಬಳದ ಸ್ಲಿಪ್ಪು. ಚಿಕ್ಕಪ್ಪನ ಕಣ್ಣು ಚಪ್ಪರದ ಮೇಲಿದೆ. ಪಕ್ಕದವರು ಹಿಪ್ಪುನೇರಳೆ ನೋಡಿಕೊಂಡು, ಹಿಂದೆ ನಡೆಯುತ್ತಾ ಓಡಿಸುವ ಟಿಲ್ಲರ್ ಅನ್ನುತ್ತಿದ್ದಾರೆ. ನಾನು ಮೊದಲು ಕೇಳುವ ಪ್ರಶ್ನೆ ಇಷ್ಟೇ: ನಿಮ್ಮ ಗಿಡದ ಸಾಲುಗಳ ನಡುವೆ ಜಾಗ ಎಷ್ಟಿದೆ? ಎಚ್‌ಪಿ ಮಾತು ಆಮೇಲೆ.

ಹಿಪ್ಪುನೇರಳೆಯಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ನಾಲ್ಕು ಎಕರೆಯಲ್ಲಿ ಅತಿ ಇಕ್ಕಟ್ಟು ಅಲ್ಲೇ. ಈಚೆಗೆ ನಾಟಿ ಮಾಡಿದ ತೋಟ ಆದರೆ ಅದು ಜೋಡಿ ಸಾಲಿನದು ಇರುತ್ತದೆ, ಅಂದರೆ ಎರಡು ಸಾಲು 3 ಅಡಿ ಅಂತರದಲ್ಲಿ, ಆಮೇಲೆ 5 ಅಡಿ ಬಿಟ್ಟು ಮತ್ತೆ ಎರಡು ಸಾಲು, ಗಿಡದಿಂದ ಗಿಡಕ್ಕೆ 2 ಅಡಿ. ಆ 5 ಅಡಿ ಬಿಟ್ಟಿರುವುದೇ ಯಂತ್ರ ಓಡಾಡಲಿ ಅಂತ. 5 ಅಡಿ ಅಂದರೆ 150 ಸೆಂಟಿಮೀಟರ್. ಕಿರಿದಾದ ಮಿನಿ ಟ್ರ್ಯಾಕ್ಟರ್ ಒಂದರ ಅಗಲ ಸುಮಾರು 110 ಸೆಂಟಿಮೀಟರ್ ಅಂದುಕೊಳ್ಳಿ, ಎರಡೂ ಕಡೆ 20 ಸೆಂಟಿಮೀಟರ್ ಉಳಿಯಿತು, ಒಂದು ಗೇಣು. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಸೊಪ್ಪು ಕಟಾವಿಗೆ ಬಂದಾಗ ಹೋಗಿ ನೋಡಿ, ರೆಂಬೆಗಳು ಎರಡೂ ಕಡೆಯಿಂದ ಬಾಗಿ ಆ 5 ಅಡಿ 3 ಅಡಿ ಆಗಿರುತ್ತದೆ. ಹಾಗಾಗಿ ಮಿನಿ ಟ್ರ್ಯಾಕ್ಟರ್ ಇರುವವರು ಗಿಡ ಸವರಿದ ಕೂಡಲೇ, ಸಾಲು ಬೋಳಾಗಿರುವಾಗಲೇ ಒಳಗೆ ಹೋಗಿ ಉಳುಮೆ ಮುಗಿಸಿಬಿಡುತ್ತಾರೆ. ಆ ವಾರ ತಪ್ಪಿದರೆ ಟಿಲ್ಲರ್ರೋ ಕೈಗುದ್ದಲಿಯೋ ಗತಿ. ನಿಮ್ಮದು ಹಳೆಯ ಕಾಲದ 3 ಅಡಿ ಸಾಲಿನ ತೋಟ ಆಗಿದ್ದರೆ ಯಾವ ಟ್ರ್ಯಾಕ್ಟರೂ ಒಳಗೆ ಹೋಗಲ್ಲ, ಅಲ್ಲಿಗೆ ಕಳೆ ತೆಗೆಯುವ ಚಿಕ್ಕ ಯಂತ್ರ ಪವರ್ ವೀಡರ್ ಅಥವಾ ಟಿಲ್ಲರ್ ಮಾತ್ರ. ಇದೊಂದು ಅಳತೆ ಗೊತ್ತಾಗದೆ ಯಾವ ಶೋರೂಮಿಗೂ ಹೋಗಬೇಡಿ.

ಈಗ ದ್ರಾಕ್ಷಿ. ನಿಮ್ಮ ಕಡೆ ಚಪ್ಪರ ಸಾಮಾನ್ಯವಾಗಿ 6ರಿಂದ 7 ಅಡಿ ಎತ್ತರ, ಕೆಳಗೆ ಸಾಲಿನ ನಡುವೆ ಜಾಗ ಧಾರಾಳ. ಅಲ್ಲಿ ಅಗಲಕ್ಕಿಂತ ಎತ್ತರದ ತೊಂದರೆಯೇ ಜಾಸ್ತಿ. 45 ಎಚ್‌ಪಿ ಟ್ರ್ಯಾಕ್ಟರಿನ ಸೀಟಿನಲ್ಲಿ ಕೂತವನ ತಲೆ ಬಳ್ಳಿಗೆ ತಾಗುತ್ತದೆ. ಅದಕ್ಕಿಂತ ಮುಖ್ಯ, ಬಾನೆಟ್ ಮೇಲೆ ನೆಟ್ಟಗೆ ನಿಂತಿರುವ ಸೈಲೆನ್ಸರ್ ಇದೆಯಲ್ಲ, ಅದರ ಬಿಸಿಗೆ ಚಿಗುರು ಸುಟ್ಟು ಕರಕಲಾಗುತ್ತದೆ. ತೋಟದ ಟ್ರ್ಯಾಕ್ಟರ್ ಅಂತ ಬೇರೆಯಾಗಿಯೇ ಮಾಡಿರುತ್ತಾರೆ. ಮೈ ಕಿರಿದು, ಸೀಟು ತಗ್ಗು, ಸೈಲೆನ್ಸರ್ ಕೆಳಗೆ ಪಕ್ಕಕ್ಕೆ ತಿರುಗಿಸಿರುತ್ತದೆ, ಚಾಲಕನ ಹಿಂದಿನ ರಕ್ಷಣೆಯ ಕಬ್ಬಿಣದ ಚೌಕಟ್ಟು ಇದ್ದರೆ ಅದು ಮಡಚುವಂಥದ್ದು. ಸ್ವರಾಜ್ 724ರಲ್ಲಿ ತೋಟಕ್ಕೆ ಅಂತಲೇ ಒಂದು ಮಾದರಿ ಇದೆ. ಕುಬೋಟಾ ನಿಯೋಸ್ಟಾರ್, ಮಹೀಂದ್ರಾ ಜೀವೋ, ನಮ್ಮ ಬೆಂಗಳೂರಿನದೇ ಆದ ವಿಎಸ್‌ಟಿಯ ಮಿನಿಗಳು, ಇವೆಲ್ಲ ಈ ಗುಂಪಿಗೇ ಸೇರುತ್ತವೆ, 18ರಿಂದ 28 ಎಚ್‌ಪಿ ಒಳಗೆ. ಯಾವ ಕಂಪನಿ ಮೇಲು ಅಂತ ನನ್ನನ್ನು ಕೇಳಬೇಡಿ. ನಿಮ್ಮ ಊರಿಗೆ ಹತ್ತಿರ ಯಾರ ಸರ್ವಿಸ್ ಇದೆ, ಯಾರ ಬಿಡಿಭಾಗ ಅದೇ ದಿನ ಸಿಗುತ್ತದೆ ಅಂತ ದೊಡ್ಡಬಳ್ಳಾಪುರ ಪೇಟೆಯಲ್ಲಿ ವಿಚಾರಿಸಿ.

ಚಪ್ಪರದಲ್ಲಿ ಇನ್ನೊಂದು ತೊಡಕಿದೆ, ಯಾವ ಬ್ರೋಷರಿನಲ್ಲೂ ಬರೆದಿರಲ್ಲ. ಅಂಚಿನ ಕಲ್ಲು ಕಂಬಗಳನ್ನು ಹೊರಗಡೆಗೆ ಎಳೆದು ಹಿಡಿಯಲು ಓರೆಯಾಗಿ ತಂತಿ ಕಟ್ಟಿ ನೆಲಕ್ಕೆ ಹೂತಿರುತ್ತಾರೆ. ಟ್ರ್ಯಾಕ್ಟರ್ ಸಾಲಿನ ತುದಿಗೆ ಬಂದು ತಿರುಗಬೇಕಾದದ್ದು ಸರಿಯಾಗಿ ಅಲ್ಲೇ. ತಂತಿಯಿಂದ ಬೇಲಿಗೆ ಕನಿಷ್ಠ 10–12 ಅಡಿ ಇಲ್ಲದಿದ್ದರೆ ಮಿನಿಯೂ ಒಂದೇ ಸಲಕ್ಕೆ ತಿರುಗಲ್ಲ, ಹಿಂದೆ ಮುಂದೆ ಮಾಡುತ್ತಾ ಕೂರಬೇಕು. ಟೇಪ್ ಹಿಡಿದು ಹೋದಾಗ ಇದನ್ನೂ ಅಳೆಯಿರಿ.

ದ್ರಾಕ್ಷಿಗೆ ಟ್ರ್ಯಾಕ್ಟರ್ ಬೇಕಾಗುವುದು ಉಳುಮೆಗಿಂತ ಔಷಧಿ ಹೊಡೆಯಲು. ಇಲ್ಲಿ ಎಚ್‌ಪಿ ಲೆಕ್ಕ ಬರುತ್ತದೆ. ಶೋರೂಮಿನಲ್ಲಿ ಹೇಳುವ ಎಚ್‌ಪಿ ಎಂಜಿನ್ನಿನದು. ಹಿಂದೆ ತಿರುಗುವ ಪಿಟಿಒ ಶಾಫ್ಟಿಗೆ ಬರುವುದು ಅದರಲ್ಲಿ ನೂರಕ್ಕೆ 85ರ ಆಸುಪಾಸು. ಸ್ಪ್ರೇಯರ್, ಮಣ್ಣು ತಿರುವಿ ಪುಡಿ ಮಾಡುವ ರೋಟವೇಟರ್, ರಾಗಿ ಬಡಿಯುವ ಮಷಿನ್ ಎಲ್ಲ ಓಡುವುದು ಆ ಶಾಫ್ಟಿನಿಂದಲೇ, ನಿಮಿಷಕ್ಕೆ 540 ಸುತ್ತಿನ ಲೆಕ್ಕದಲ್ಲಿ. ಹಾಗಾಗಿ ಕೇಳಬೇಕಾದದ್ದು ಪಿಟಿಒ ಎಚ್‌ಪಿ. ಫ್ಯಾನ್ ಇರುವ ಸ್ಪ್ರೇಯರ್ ತಗೊಂಡರೆ ಗಾಡಿ ನಿಧಾನವಾಗಿ ಹೋಗುತ್ತಿರಬೇಕು, ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲಿ ತಿರುಗುತ್ತಿರಬೇಕು, ಸಾಲಿನ ಮಧ್ಯೆ ಕ್ಲಚ್ ಒತ್ತಿದರೆ ಫ್ಯಾನ್ ನಿಲ್ಲಬಾರದು. ಇದಕ್ಕೆ ಡ್ಯುಯಲ್ ಕ್ಲಚ್ ಅಥವಾ ಪಿಟಿಒಗೆ ಬೇರೆಯೇ ಕ್ಲಚ್ ಇರುವ ಮಾದರಿ ಬೇಕು. ಎಷ್ಟೋ ಜನ ಒಂದೇ ಕ್ಲಚ್ಚಿನ ಗಾಡಿ ತಂದು ಆಮೇಲೆ ಒದ್ದಾಡುತ್ತಾರೆ. ಇನ್ನು ಟ್ಯಾಂಕಿನ ಗಾತ್ರ. ಮಿನಿಯ ಹಿಂದೆ ನೇತುಹಾಕಲು 200 ಲೀಟರ್ ಸಾಕು. 400 ಲೀಟರ್ ತುಂಬಿದರೆ ನೀರೇ 400 ಕೆಜಿ, ಪಂಪು ಫ್ಯಾನ್ ತೂಕ ಬೇರೆ, ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳದ ಹಾಗೆ ಆಗುತ್ತದೆ.

ಮಿನಿಯಲ್ಲಿ ಎರಡು ಚಕ್ರದ ಡ್ರೈವೋ ನಾಲ್ಕು ಚಕ್ರದ್ದೋ ಅಂತ ಮುಂದಿನ ಪ್ರಶ್ನೆ ಬರುತ್ತದೆ. ದೊಡ್ಡ ಟ್ರ್ಯಾಕ್ಟರಿಗೆ ನಮ್ಮ ಕೆಂಪು ಮಣ್ಣಿನ ಮಟ್ಟಸ ಹೊಲದಲ್ಲಿ ಎರಡು ಚಕ್ರದ್ದೇ ಸಾಕು, ತೂಕವೇ ಹಿಡಿತ ಕೊಡುತ್ತದೆ. ಮಿನಿಗೆ ಆ ತೂಕ ಇಲ್ಲ. ಮಳೆ ಬಂದ ಮಾರನೇ ದಿನ ರೋಗ ಬರುವ ಮೊದಲು ಔಷಧಿ ಹೊಡೆಯಲೇಬೇಕು ಅಂತ ಒಳಗೆ ಹೋದರೆ ಎರಡು ಚಕ್ರದ ಮಿನಿ ನಿಂತಲ್ಲೇ ಗುಂಡಿ ತೋಡುತ್ತದೆ. ಹಾಗಾಗಿ ದ್ರಾಕ್ಷಿ ಇರುವವರಿಗೆ ನಾನು ನಾಲ್ಕು ಚಕ್ರದ್ದೇ ತಗೊಳ್ಳಿ ಅನ್ನುತ್ತೇನೆ, ಸ್ವಲ್ಪ ದುಡ್ಡು ಜಾಸ್ತಿ ಆದರೂ.

ರಾಗಿಗೆ ಬರೋಣ. ಶೋರೂಮಿನವರ 45 ಎಚ್‌ಪಿ ಮಾತು ನಿಜವಾಗಿ ಹೊಂದುವುದು ಇಲ್ಲಿ. ನಮ್ಮ ಹಳ್ಳಿಗಳಲ್ಲಿ ಟ್ರ್ಯಾಕ್ಟರ್ ಅಂದರೆ ಕಣ್ಣಿಗೆ ಬರುವುದೇ ಈ 35ರಿಂದ 50 ಎಚ್‌ಪಿಯ ಎಲ್ಲ ಕೆಲಸದ ಗಾಡಿ. ಮಹೀಂದ್ರಾ 475, ಮ್ಯಾಸ್ಸಿ 241, ಸ್ವರಾಜ್ 735, ಈ ತರದವು. ಅಂದ ಹಾಗೆ ಮ್ಯಾಸ್ಸಿ ಮಾಡುವ ಟಾಫೆಯ ಒಂದು ಕಾರ್ಖಾನೆ ನಿಮ್ಮ ದೊಡ್ಡಬಳ್ಳಾಪುರದಲ್ಲೇ ಇದೆ. ಒಂಬತ್ತು ಗುಳದ ಕಲ್ಟಿವೇಟರ್, 5 ಅಡಿ ರೋಟವೇಟರ್, ಬಿತ್ತುವ ಕೂರಿಗೆ, ಗೊಬ್ಬರ ಹೊರುವ ಟ್ರೇಲರ್, ಎಲ್ಲದಕ್ಕೂ ಆಗುತ್ತದೆ. ರೋಟವೇಟರಿನ ಒಂದೊಂದು ಅಡಿಗೆ 8ರಿಂದ 9 ಎಚ್‌ಪಿ ಅಂತ ಒರಟು ಲೆಕ್ಕ ಇಟ್ಟುಕೊಳ್ಳಿ, 5 ಅಡಿಗೆ 40–45 ಬೇಕಾಗುತ್ತದೆ. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಹೋದರೆ ಅದು ತಿರುವು, ಬದು, ಸಾಲಿನ ಮೇಲೆ ಸಾಲು ಬೀಳುವುದು ಎಲ್ಲ ಕಳೆದು ಗಂಟೆಗೆ ಮುಕ್ಕಾಲು ಎಕರೆ ಮೇಲೆ ಮಾಡುತ್ತದೆ. ಮಿನಿಗೆ 3 ಅಡಿ ರೋಟವೇಟರ್, ವೇಗವೂ ಕಡಿಮೆ, ಗಂಟೆಗೆ ಅರ್ಧ ಎಕರೆಗಿಂತ ಸ್ವಲ್ಪ ಕಡಿಮೆ. ಅಂದರೆ ನಿಮ್ಮ ಎರಡು ಎಕರೆ ರಾಗಿ ಹೊಲಕ್ಕೆ ಒಂದು ಸಲ ರೋಟವೇಟರ್ ಹೊಡೆಯಲು ದೊಡ್ಡದಕ್ಕೆ ಎರಡೂವರೆ ಗಂಟೆ, ಚಿಕ್ಕದಕ್ಕೆ ಐದು ಗಂಟೆ. ಎರಡೂವರೆ ಗಂಟೆ ಉಳಿಸಲು ಎರಡು ಮೂರು ಲಕ್ಷ ಜಾಸ್ತಿ ಕೊಡುತ್ತೀರಾ?

ಹೌದು, ಮಣ್ಣು ಒಣಗಿ ಗಟ್ಟಿಯಾದ ಮೇಲೆ ಮಿನಿ ಕಲ್ಟಿವೇಟರ್ ಎಳೆಯಲು ತಿಣುಕುತ್ತದೆ. ಮುಂಗಾರಿನ ಮೊದಲ ಹದ ಮಳೆ ಬಿದ್ದ ಎರಡು ಮೂರು ದಿನಕ್ಕೆ ಹೊಲಕ್ಕೆ ಇಳಿದರೆ ಕೆಂಪು ಮಣ್ಣು ಬೆಣ್ಣೆ ಇದ್ದ ಹಾಗೆ ಇರುತ್ತದೆ. ತೊಂದರೆ ಏನೆಂದರೆ ಆ ಎರಡು ಮೂರು ದಿನ ಊರಿನವರಿಗೆಲ್ಲ ಬಾಡಿಗೆ ಟ್ರ್ಯಾಕ್ಟರ್ ಬೇಕು. ಸ್ವಂತದ್ದು ಅಂತ ಒಂದು ಇದ್ದರೆ ಲಾಭ ಇರುವುದೂ ಅಲ್ಲೇ. ಇನ್ನೊಂದು ಮಾತು, ಎಲ್ಲದಕ್ಕೂ ರೋಟವೇಟರ್ ಹೊಡೆಯುವ ಚಾಳಿ ನಮ್ಮಲ್ಲಿ ವಿಪರೀತ ಆಗಿದೆ. ವರ್ಷವರ್ಷ ಅದೇ 4–5 ಇಂಚು ಆಳದಲ್ಲಿ ತಿರುವುತ್ತಾ ಹೋದರೆ ಮೇಲೆ ಹಿಟ್ಟಿನ ಹಾಗೆ ನುಣ್ಣಗೆ ಕಂಡರೂ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ, ನೀರು ಇಳಿಯಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ಕರೆಸಿ ಆಳದ ನೇಗಿಲು ಹೊಡೆಸಿ. ಅದು ಮಿನಿಯ ಕೈಲಾಗದ ಕೆಲಸ.

ಟಿಲ್ಲರ್ ವಿಷಯ. ಇದು ನಡೆದುಕೊಂಡು ಹೋಗುತ್ತಾ ಓಡಿಸುವ ಎರಡು ಚಕ್ರದ ಟ್ರ್ಯಾಕ್ಟರೇ. ಕರ್ನಾಟಕಕ್ಕೆ ಇದರ ನಂಟು ಹಳೆಯದು. ವಿಎಸ್‌ಟಿ ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾಯಿತು, ಅವರ 13 ಎಚ್‌ಪಿ ಶಕ್ತಿ ಟಿಲ್ಲರ್ ನೋಡದ ಭತ್ತದ ಊರು, ಅಡಿಕೆ ಊರು ಕಡಿಮೆ. ಗದ್ದೆಗೆ ಇದು ಹೇಳಿ ಮಾಡಿಸಿದ್ದು. ಆದರೆ ಒಂದು ಲೆಕ್ಕ ಹೇಳುತ್ತೇನೆ. ಇದರ ಉಳುಮೆಯ ಅಗಲ 60 ಸೆಂಟಿಮೀಟರ್. ಒಂದು ಎಕರೆ ಉಳಲು ಇದರ ಹಿಂದೆ ಆರೂಮುಕ್ಕಾಲು ಕಿಲೋಮೀಟರ್ ನಡೆಯಬೇಕು, ಅದೂ ಉತ್ತ ಮಣ್ಣಿನಲ್ಲಿ, ಸಿಂಗಲ್ ಸಿಲಿಂಡರ್ ಎಂಜಿನ್ನಿನ ಅದುರಾಟಕ್ಕೆ ಕೈ ಮರಗಟ್ಟುತ್ತಾ. ಪಕ್ಕದ ತೋಟದವರಿಗೆ ಗಟ್ಟಿ ಆಳೋ ಮಗನೋ ಇರಬಹುದು. ನಿಮ್ಮ ಅಪ್ಪನಿಗೆ ವಯಸ್ಸಾಗಿದೆ ಅಂತ ನೀವೇ ಬರೆದಿದ್ದೀರಿ, ನೀವು ಸೋಮವಾರದಿಂದ ಶುಕ್ರವಾರ ಲ್ಯಾಪ್‌ಟಾಪ್ ಮುಂದೆ. ಟಿಲ್ಲರ್ ಬೇಡ.

ಉಳಿದ ತರಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಕೇಳಿದ್ದೀರಿ ಅಂತ. ಸಾಲು ಬೆಳೆಯ ಟ್ರ್ಯಾಕ್ಟರ್ ಅಂತ ಒಂದಿದೆ. 1924ರಲ್ಲಿ ಅಮೆರಿಕದಲ್ಲಿ ಬಂದ ಫಾರ್ಮಾಲ್ ಇದರ ಹಿರಿಯಣ್ಣ. ನೆಲದಿಂದ ಎತ್ತರ, ಚಕ್ರಗಳ ನಡುವಿನ ಅಂತರ ಹೆಚ್ಚುಕಡಿಮೆ ಮಾಡಬಹುದು, ಬೆಳೆ ನಿಂತಿರುವಾಗಲೇ ಸಾಲಿನ ಮಧ್ಯೆ ಹೋಗಿ ಕಳೆ ತೆಗೆಯಬಹುದು. ಮುಸುಕಿನ ಜೋಳದ ಸಾಲು 60 ಸೆಂಟಿಮೀಟರ್ ಅಂದರೆ 13.6 ಇಂಚಿನ ಟೈರ್ ನಡುವೆ ಹೋದಾಗ ಎರಡೂ ಕಡೆ 12–13 ಸೆಂಟಿಮೀಟರ್ ಉಳಿಯುತ್ತದೆ, ಕಣ್ಣು ಮಿಟುಕಿಸಿದರೆ ಗಿಡ ಹೋಯಿತು. ಹತ್ತಿ, ಕಬ್ಬು ಬೆಳೆಯುವವರು ಕಿರಿದಾದ ಟೈರ್ ಹಾಕಿಸುವುದು ಇದಕ್ಕೇ. ರಾಗಿಯ ಒಂದಡಿ ಸಾಲಿನಲ್ಲಿ ಇದೆಲ್ಲ ನಡೆಯಲ್ಲ, ಅಲ್ಲಿ ಈಗಲೂ ಎತ್ತಿನ ಕುಂಟೆಯೇ ಚೆಂದ. ಧಾರವಾಡ, ಗದಗದ ಕಪ್ಪು ಎರೆ ಮಣ್ಣಿಗೆ 50 ಎಚ್‌ಪಿ ಮೇಲಿನವು, ನಾಲ್ಕು ಚಕ್ರದವು ಬೇಕು. ಮಂಡ್ಯದ ಗದ್ದೆಯವರು ರಬ್ಬರ್ ಟೈರ್ ಜೊತೆ ಕಬ್ಬಿಣದ ಕೇಜ್ ವೀಲ್ ಹಾಕಿ ಕೆಸರು ಮಾಡುತ್ತಾರೆ. ಚೈನಿನ ಮೇಲೆ ಓಡುವ ಕ್ರಾಲರ್ ನಮ್ಮ ಕಡೆ ಹೊಲಕ್ಕೆ ಬರುವುದು ಕಡಿಮೆ, ಅದರ ದೊಡ್ಡ ಅವತಾರ ಬುಲ್‌ಡೋಜರ್ ಮಾತ್ರ ಬಿಇಎಂಎಲ್‌ನವರ ಕೆಜಿಎಫ್ ಕಾರ್ಖಾನೆಯಲ್ಲೇ ತಯಾರಾಗುತ್ತದೆ. ಎಲ್ಲರೂ ಜೆಸಿಬಿ ಅನ್ನುವ ಗಾಡಿಯೂ ಮೂಲದಲ್ಲಿ ಮುಂದೆ ಬಕೆಟ್ ಹಿಂದೆ ಕೈ ಜೋಡಿಸಿದ ಟ್ರ್ಯಾಕ್ಟರೇ. ಕರೆಂಟಿನ ಟ್ರ್ಯಾಕ್ಟರೂ ಬಂದಿವೆ, ಸೋನಾಲಿಕಾದವರು 2020ರಲ್ಲೇ ಒಂದನ್ನು ತಂದರು. ನಿಮ್ಮ ಊರಿನ ತೋಟಕ್ಕೆ ತ್ರೀ ಫೇಸ್ ಎಷ್ಟು ಗಂಟೆ ಬರುತ್ತದೆ ಅಂತ ನಿಮಗೇ ಗೊತ್ತು, ಸದ್ಯಕ್ಕೆ ಬಿಡಿ.

50 ಎಚ್‌ಪಿ ಅಂದಾಗ ಒಂದು ಗುಟ್ಟು. ಶೋರೂಮಿನಲ್ಲಿ 49, 49.9 ಎಚ್‌ಪಿ ಅಂತ ಬೋರ್ಡ್ ನೋಡಿರಬಹುದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ ಹೊಸ ಹೊಗೆ ನಿಯಮ ಬಂತು. ಅದಕ್ಕೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬೇಕು, ಬೆಲೆ ಏರುತ್ತದೆ, ಹಳ್ಳಿ ಮೆಕ್ಯಾನಿಕ್ ಕೈಗೆ ಸಿಗಲ್ಲ. ಆದ್ದರಿಂದ ಗೆರೆಯ ಕೆಳಗೆ ಸ್ವಲ್ಪವೇ ನಿಲ್ಲಿಸಿದ ಮಾದರಿಗಳು ಜಾಸ್ತಿ ಆದವು.

ನಗರದಲ್ಲಿ ನೀವು ದಿನಾ ನೋಡುವ ಟ್ರ್ಯಾಕ್ಟರ್ ಬೇರೆಯೇ ಕಥೆ. ಸರ್ಜಾಪುರ, ವೈಟ್‌ಫೀಲ್ಡ್ ಕಡೆ ನೀರಿನ ಟ್ಯಾಂಕರ್ ಎಳೆಯುವವು. ಇವು ಹೊಲದ ಗಾಡಿಯೇ, ಸಾಗಾಣಿಕೆಗೆ ಇಳಿಸಿರುತ್ತಾರೆ. ಸುಮಾರು 2 ಟನ್ ತೂಕದ ಟ್ರ್ಯಾಕ್ಟರಿನ ಹಿಂದೆ 5,000 ಲೀಟರ್ ಅಂದರೆ 5 ಟನ್ ನೀರು, ಟ್ಯಾಂಕಿನ ತೂಕ ಬೇರೆ. ಎಳೆಯುವುದೇನೋ ಎಳೆಯುತ್ತದೆ, ಇಳಿಜಾರಿನಲ್ಲಿ ನಿಲ್ಲಿಸುವುದೇ ಕಷ್ಟ. ವಾರದ ದಿನ ನಿಮ್ಮ ಗಾಡಿಯನ್ನೂ ಹೀಗೆ ಬಾಡಿಗೆಗೆ ಬಿಟ್ಟರೆ ಸಾಲದ ಕಂತು ಬರುತ್ತದೆ ಅಂತ ಶೋರೂಮಿನವರು ನಿಮಗೂ ಹೇಳಿರುತ್ತಾರೆ, ಅಲ್ವಾ? ಕೃಷಿಗೆ ಅಂತ ನೋಂದಣಿ ಮಾಡಿಸಿದ ಗಾಡಿಯಲ್ಲಿ ಬಾಡಿಗೆ ಸರಕು ಹೊತ್ತು ಅಪಘಾತ ಆದರೆ ಇನ್ಶೂರೆನ್ಸ್ ಹತ್ತಿರ ತಕರಾರು ಶುರು. ಬೇಡ.

ರಸ್ತೆಯ ಮಾತು ಬಂತು ಅಂತ ಹೇಳುತ್ತೇನೆ. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು, ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು. ಹೊಲದಲ್ಲಿ ಒಂದನ್ನೇ ಒತ್ತಿ ಗಕ್ಕನೆ ತಿರುಗಿಸಬಹುದು. ಟಾರ್ ರಸ್ತೆಗೆ ಬರುವ ಮೊದಲು ಎರಡನ್ನೂ ಸೇರಿಸುವ ಚಿಲಕ ಹಾಕಲೇಬೇಕು. ಹಾಕದೆ ಟಾಪ್ ಗೇರಿನಲ್ಲಿ ಒಂದು ಪೆಡಲ್ ಒತ್ತಿದರೆ ಗಾಡಿ ಪಲ್ಟಿ. ಕಾರು ಓಡಿಸಿ ರೂಢಿ ಇರುವ ನಿಮ್ಮಂಥವರು ಮರೆಯುವುದು ಇದನ್ನೇ. ಲೈಸೆನ್ಸ್ ಚಿಂತೆ ಇಲ್ಲ, ಕಾರಿನ ಲಘು ವಾಹನದ ಲೈಸೆನ್ಸೇ ಸಾಕು. ಕೆಸರಲ್ಲಿ ಸಿಕ್ಕಿಕೊಂಡರೆ ಹಗ್ಗವನ್ನಾಗಲಿ ಚೈನನ್ನಾಗಲಿ ಟ್ರೇಲರ್ ಸಿಕ್ಕಿಸುವ ಕೆಳಗಿನ ಡ್ರಾಬಾರಿಗೇ ಕಟ್ಟಿ. ಉಪಕರಣ ಜೋಡಿಸುವ ಮೇಲಿನ ಲಿಂಕಿಗೆ ಕಟ್ಟಿ ಎಳೆದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಚಾಲಕನ ಮೇಲೇ ಮಗುಚುತ್ತದೆ.

ದುಡ್ಡಿನ ಲೆಕ್ಕ. ನಾವು ಎಂಜಿನಿಯರುಗಳು ಟ್ರ್ಯಾಕ್ಟರಿನ ಆಯಸ್ಸು 10,000 ಗಂಟೆ, ವರ್ಷಕ್ಕೆ 1,000 ಗಂಟೆ ಅಂತ ಹಿಡಿದು ಲೆಕ್ಕ ಹಾಕುತ್ತೇವೆ. ನಿಮ್ಮದು ರಾಗಿಗೆ ಹತ್ತು ಹದಿನೈದು ಗಂಟೆ, ಹಿಪ್ಪುನೇರಳೆಗೆ ವರ್ಷದ ಐದು ಬೆಳೆ ಸೇರಿ ಅಷ್ಟೇ, ದ್ರಾಕ್ಷಿಗೆ ಔಷಧಿ ಉಳುಮೆ ಸೇರಿ ನಲವತ್ತು ಐವತ್ತು, ಏನೇ ಎಳೆದರೂ 80 ಗಂಟೆ ದಾಟಲ್ಲ. ಬಾಡಿಗೆ ಗಂಟೆಗೆ 1,200 ರೂಪಾಯಿ ಅಂತ ಇಟ್ಟುಕೊಂಡರೂ 96,000. ಬರೀ ರಾಗಿ ಆಗಿದ್ದರೆ ಏನೂ ಕೊಳ್ಳಬೇಡಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆ ತನ್ನಿ ಅನ್ನುತ್ತಿದ್ದೆ. ಆದರೆ ನಿಮ್ಮ ಗಂಟೆಗಳಲ್ಲಿ ಮುಕ್ಕಾಲು ಪಾಲು ಚಪ್ಪರದ ಕೆಳಗೆ, ಹಿಪ್ಪುನೇರಳೆ ಸಾಲಿನಲ್ಲಿ. ಅಲ್ಲಿಗೆ ಹೋಗುವ ಕಿರಿದಾದ ಗಾಡಿ ಬಾಡಿಗೆಗೆ ಬೇಕಾದ ದಿನ ಸಿಗಲ್ಲ, ಔಷಧಿ ಎರಡು ದಿನ ತಡವಾದರೆ ಬೆಳೆಯೇ ಹೋಗುತ್ತದೆ. ಆದ್ದರಿಂದ ನನ್ನ ಮತ ಚಿಕ್ಕಪ್ಪನ ಕಡೆ: 22ರಿಂದ 25 ಎಚ್‌ಪಿ, ನಾಲ್ಕು ಚಕ್ರ, ಡ್ಯುಯಲ್ ಕ್ಲಚ್ ಅಥವಾ ಅಂಥದ್ದೇ ಪಿಟಿಒ, ಪವರ್ ಸ್ಟೇರಿಂಗ್, ತಗ್ಗು ಸೈಲೆನ್ಸರ್. 3 ಅಡಿ ರೋಟವೇಟರ್, ಐದು ಗುಳದ ಕಲ್ಟಿವೇಟರ್, 200 ಲೀಟರ್ ಸ್ಪ್ರೇಯರ್ ಜೊತೆಗೆ. ಪವರ್ ಸ್ಟೇರಿಂಗ್ ಐಷಾರಾಮ ಅನ್ನುವವರ ಮಾತು ಕೇಳಬೇಡಿ, ಅಪ್ಪ ಓಡಿಸುವುದಾದರೆ ಅದು ಬೇಕೇ ಬೇಕು.

ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12ರಿಂದ 5 ಪರ್ಸೆಂಟಿಗೆ ಇಳಿದಿದೆ, ಕೊಟೇಶನ್ನಿನಲ್ಲಿ ಅದನ್ನು ನೋಡಿಕೊಳ್ಳಿ. ಸಹಾಯಧನ ಬೇಕಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮೊದಲು ಅರ್ಜಿ, ಆಮೇಲೆ ಖರೀದಿ. ಅಪ್ಪನ ಹೆಸರಲ್ಲಿ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದ ರೈತ ನೋಂದಣಿ ಸಂಖ್ಯೆ, ಇದೆಯಾ ಅಂತ ಈಗಲೇ ವಿಚಾರಿಸಿ, ಎಷ್ಟೋ ಅರ್ಜಿ ನಿಲ್ಲುವುದು ಅಲ್ಲೇ. ಮಾದರಿ ಎರಡು ಮೂರಕ್ಕೆ ಇಳಿದ ಮೇಲೆ ಅವುಗಳ ಸರ್ಕಾರಿ ಪರೀಕ್ಷಾ ವರದಿ ಡೀಲರ್ ಹತ್ತಿರ ಕೇಳಿ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಅಳೆದ ಪಿಟಿಒ ಶಕ್ತಿ, ಡೀಸೆಲ್ ಖರ್ಚು, ಎತ್ತುವ ಸಾಮರ್ಥ್ಯ ಅದರಲ್ಲಿ ಇರುತ್ತದೆ, ಬ್ರೋಷರಿನ ಅಂಕಿಗಿಂತ ಅದು ನಂಬಿಕೆಗೆ ಅರ್ಹ. ನವೆಂಬರ್ ಆಸುಪಾಸು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಬಂದರೆ ಯಲಹಂಕದಿಂದ ಹತ್ತಿರವೇ, ಎಲ್ಲ ಮಿನಿಗಳನ್ನೂ ಒಂದೇ ಕಡೆ ಹತ್ತಿ ಇಳಿದು ನೋಡಬಹುದು, ಅಪ್ಪನನ್ನೂ ಕರೆದುಕೊಂಡು ಹೋಗಿ.

ಡೆಮೊ ಕೇಳದೆ ಮುಂಗಡ ಕೊಡಬೇಡಿ. ಡೀಲರ್ ರಸ್ತೆ ಪಕ್ಕದ ಬೀಳು ಜಾಗದಲ್ಲಿ ಒಂದು ಸುತ್ತು ಹೊಡೆದು ತೋರಿಸಿದರೆ ಒಪ್ಪಬೇಡಿ. ನಿಮ್ಮ ಚಪ್ಪರದ ಕೆಳಗೆ ಸ್ಪ್ರೇಯರಿಗೆ ನೀರು ತುಂಬಿಸಿ, ಪೂರ್ತಿ ಒಂದು ಸಾಲು ಹೋಗಿ, ತಂತಿ ಇರುವ ತುದಿಯಲ್ಲಿ ತಿರುಗಿಸಿಕೊಂಡು ವಾಪಸ್ ಬರಲಿ. ಸ್ಟೇರಿಂಗ್ ಹಿಡಿಯುವುದು ಡೀಲರ್ ಕಡೆಯ ಹುಡುಗ ಬೇಡ, ನಾಳೆ ಯಾರು ಓಡಿಸುತ್ತಾರೋ ಅವರೇ ಹಿಡಿಯಲಿ.